ಮಗಳ ಹೆಸರಲ್ಲಿ ಇಬಿ-5, ಹಣ ನಮ್ಮದು: ಕಡತ ಎಲ್ಲಿಂದ ಶುರು ಮಾಡೋದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಮಗಳಿಗೆ 20 ತುಂಬಿದೆ, ಅಮೆರಿಕದಲ್ಲಿ ಎಫ್-1 ವೀಸಾದ ಮೇಲೆ ಡಿಗ್ರಿ ಓದುತ್ತಿದ್ದಾಳೆ. ಹಣ ಹೂಡಿ ಗ್ರೀನ್ ಕಾರ್ಡ್ ಪಡೆಯುವ ಇಬಿ-5 ಹೂಡಿಕೆದಾರರ ವೀಸಾಕ್ಕೆ ಅರ್ಜಿ ಹಾಕುವ ಯೋಚನೆ. ಏಜೆಂಟರು 8 ಲಕ್ಷ ಡಾಲರಿನ ಗ್ರಾಮೀಣ ಪ್ರಾಜೆಕ್ಟ್ ಒಂದನ್ನು ತೋರಿಸಿದ್ದಾರೆ. ಹಣ ಮೂರು ಕಡೆಯಿಂದ ಬರಬೇಕು: 2019ರಲ್ಲಿ ಮಾರಿದ ಸೈಟಿನ ಹಣ ಎಫ್‌ಡಿಯಲ್ಲಿದೆ, ಪಿತ್ರಾರ್ಜಿತ ಜಮೀನು ಮಾರಬೇಕು, ಕಡಿಮೆ ಬಿದ್ದದ್ದಕ್ಕೆ ಮನೆಯ ಮೇಲೆ ಬ್ಯಾಂಕ್ ಸಾಲ.

ಅರ್ಜಿ ಯಾರ ಹೆಸರಲ್ಲಿ ಹಾಕಬೇಕು, ನನ್ನದೋ ಮಗಳದೋ? ಹಣ ಕಳಿಸುವ ಸರಿಯಾದ ದಾರಿ ಯಾವುದು? ದಾಖಲೆ ಎಷ್ಟು ವರ್ಷ ಹಿಂದಿನದು ಬೇಕು? ಪ್ರಾಜೆಕ್ಟ್ ಬದಲು ನಾವೇ ಅಲ್ಲಿ ಒಂದು ಬಿಸಿನೆಸ್ ತೆರೆದರೆ ಹೇಗೆ? ತಿಳಿದವರು ಹೇಳಿ.

ವಲಸೆಕಡತ:

ಸರ್, ಮೊದಲು ಹೆಸರಿನ ವಿಷಯ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ನಿಮ್ಮ ಹೆಸರಲ್ಲಿ ಹಾಕಿದರೆ ನೀವು, ನಿಮ್ಮ ಪತ್ನಿ, 21 ತುಂಬದ ಅವಿವಾಹಿತ ಮಕ್ಕಳು ಒಂದೇ ಅರ್ಜಿಯಲ್ಲಿ ಬರುತ್ತೀರಿ. ಮಗಳಿಗೆ ಸಿಎಸ್‌ಪಿಎ (ಮಕ್ಕಳ ವಯಸ್ಸು ಮೀರದಂತೆ ಕಾಯುವ) ಕಾನೂನಿನ ರಕ್ಷಣೆ ಇದೆ: ಐ-526ಇ, ಅಂದರೆ ಹೂಡಿಕೆದಾರರ ಮೊದಲ ಅರ್ಜಿ ಸಲ್ಲಿಸಿದ ದಿನದಿಂದ ಮಂಜೂರಾಗುವ ದಿನದವರೆಗಿನ ಅವಧಿಯನ್ನು ಅವಳ ವಯಸ್ಸಿನಿಂದ ಕಳೆಯುತ್ತಾರೆ. ಆದರೆ ಮಂಜೂರಾದ ಮೇಲೆ ವೀಸಾ ಸಂಖ್ಯೆ ಸಿಗದೆ ಕಾಯಬೇಕಾಗಿ ಬಂದರೆ ಆ ಕಾಯುವಿಕೆ ಕಳೆಯುವುದಿಲ್ಲ. ಭಾರತದಲ್ಲಿ ಹುಟ್ಟಿದವರಿಗೆ ಮೀಸಲಿಲ್ಲದ ಇಬಿ-5 ವರ್ಗದಲ್ಲಿ ಈಗಾಗಲೇ ಸರತಿ ಇದೆ. 2022ರ ಮಾರ್ಚ್ 15ರ ಸುಧಾರಣಾ ಕಾನೂನು ಹೊಸದಾಗಿ ಮೀಸಲು ವರ್ಗಗಳನ್ನು ತಂದಿತು: ಗ್ರಾಮೀಣಕ್ಕೆ 20%, ಹೆಚ್ಚು ನಿರುದ್ಯೋಗದ ಪ್ರದೇಶಕ್ಕೆ 10%, ಮೂಲಸೌಕರ್ಯಕ್ಕೆ 2%. ಗ್ರಾಮೀಣ ಅರ್ಜಿಗಳಿಗೆ ಆದ್ಯತೆಯ ಪರಿಶೀಲನೆಯೂ ಉಂಟು. ಹಾಗಿದ್ದರೂ ಮೀಸಲು ವರ್ಗಕ್ಕೂ ಮುಂದೆ ಸರತಿ ಬರುವುದಿಲ್ಲ ಎಂದು ಯಾರೂ ಬರೆದುಕೊಡಲಾರರು. 20 ತುಂಬಿದ ಮಗುವನ್ನು ತಂದೆಯ ಅರ್ಜಿಗೆ ಕಟ್ಟುವುದು ಅಂಚಿನ ಮೇಲಿನ ನಡಿಗೆ.

ಅವಳ ಹೆಸರಲ್ಲೇ ಹಾಕಿದರೆ ವಯಸ್ಸಿನ ಭಯ ಪೂರ್ತಿ ಹೋಗುತ್ತದೆ. ನೀವು ಗಿಫ್ಟ್ ಕೊಡುವವರು ಮಾತ್ರ, ನಿಮಗೆ ಗ್ರೀನ್ ಕಾರ್ಡ್ ಬರುವುದಿಲ್ಲ. ಉದ್ದೇಶ ಮಗಳ ಭವಿಷ್ಯವೇ ಆದರೆ ನನ್ನ ಸಲಹೆ ಇದೇ.

ಎರಡು ಎಚ್ಚರಿಕೆ. ಎಫ್-1 ವೀಸಾ ‘ಓದಿ ವಾಪಸ್ ಬರುತ್ತೇನೆ’ ಎಂಬ ಉದ್ದೇಶದ ಮೇಲೆ ನಿಂತದ್ದು. ಐ-526ಇ ಸಲ್ಲಿಸಿದ ಮೇಲೆ ಊರಿಗೆ ಬಂದು ವೀಸಾ ಹೊಸದಾಗಿ ಹಾಕಿಸುವಾಗ ತೊಂದರೆ ಆಗಬಹುದು. ಅವಳ ವರ್ಗಕ್ಕೆ ಆ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಸಂಖ್ಯೆ ಲಭ್ಯವಿದ್ದರೆ ಐ-485 (ಅಮೆರಿಕದೊಳಗಿದ್ದೇ ಗ್ರೀನ್ ಕಾರ್ಡ್ ಕೇಳುವ) ಅರ್ಜಿಯನ್ನೂ ಜೊತೆಯಲ್ಲೇ ಹಾಕಿ ಅಲ್ಲೇ ಉಳಿಯಬಹುದು, ಕೆಲಸದ ಪರವಾನಗಿಯೂ ಸಿಗುತ್ತದೆ. ಆದರೆ ಅಡ್ವಾನ್ಸ್ ಪರೋಲ್ (ಹೊರಗೆ ಹೋಗಿ ಮರಳಲು ಮುಂಗಡ ಅನುಮತಿ) ಕೈಗೆ ಬರುವ ಮೊದಲು ಅಮೆರಿಕ ಬಿಟ್ಟು ಹೊರಟರೆ ಐ-485 ಕೈಬಿಟ್ಟಂತೆ ಲೆಕ್ಕ. ಅಕ್ಕನ ಮದುವೆ, ಅಜ್ಜಿಯ ತಿಥಿ ಏನೇ ಇರಲಿ, ಆ ಅವಧಿಯಲ್ಲಿ ಟಿಕೆಟ್ ಮಾಡಬೇಡಿ.

ಜಮಾಖರ್ಚು:

ಹಣ ಕಳಿಸುವ ವಿಷಯ ನಾನು ಹೇಳುತ್ತೇನೆ.

ನಿವಾಸಿ ಭಾರತೀಯರೊಬ್ಬರು ಎಲ್‌ಆರ್‌ಎಸ್ (ವಿದೇಶಕ್ಕೆ ಹಣ ಕಳಿಸಲು ಇರುವ ಆರ್‌ಬಿಐ ಯೋಜನೆ) ಅಡಿ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್ ಕಳಿಸಬಹುದು. ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಹಾಗಾಗಿ ಗಂಡ-ಹೆಂಡತಿ ಇಬ್ಬರೂ ಮಾರ್ಚ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಕಳಿಸಿದರೆ ಕೆಲವೇ ವಾರಗಳಲ್ಲಿ 10 ಲಕ್ಷ ಡಾಲರ್ ಆಗುತ್ತದೆ. 8 ಲಕ್ಷ ಹೂಡಿಕೆ, ಪ್ರಾಜೆಕ್ಟಿನ ಆಡಳಿತ ಶುಲ್ಕ, ವಕೀಲರ ಫೀ ಎಲ್ಲ ಅದರಲ್ಲಿ ಮುಗಿಯುತ್ತದೆ. ಆಡಳಿತ ಶುಲ್ಕದ ಹಣಕ್ಕೂ ಮೂಲ ತೋರಿಸಬೇಕು ಎಂದು 2022ರ ಕಾನೂನು ಹೇಳುತ್ತದೆ. ಅದನ್ನು ಬೇರೆ ಯಾರದೋ ಖಾತೆಯಿಂದ ‘ಆಮೇಲೆ ನೋಡಿಕೊಳ್ಳೋಣ’ ಎಂದು ಕಟ್ಟಬೇಡಿ.

ಅರ್ಜಿ ಮಗಳ ಹೆಸರಲ್ಲಿ ಇರುವುದು ಇಲ್ಲಿಯೂ ಅನುಕೂಲ. ವಿದೇಶದಲ್ಲಿ ಓದುವ ವಿದ್ಯಾರ್ಥಿಯನ್ನು ಫೆಮಾ (ವಿದೇಶಿ ವಿನಿಮಯ) ಕಾನೂನಿನಡಿ ಅನಿವಾಸಿ ಎಂದೇ ಪರಿಗಣಿಸುತ್ತಾರೆ. ಅವಳ ಅಮೆರಿಕದ ಖಾತೆಗೆ ನೀವು ಗಿಫ್ಟ್ ಕಳಿಸಬಹುದು. ನೀವೇ ಅರ್ಜಿದಾರರಾಗಿ ಇಲ್ಲೇ ಇದ್ದರೆ, ಪತ್ನಿ ತಮ್ಮ ಎಲ್‌ಆರ್‌ಎಸ್‌ನಿಂದ ನಿಮ್ಮ ವಿದೇಶಿ ಖಾತೆಗೆ ಗಿಫ್ಟ್ ಕಳಿಸುವಂತಿಲ್ಲ. ನಿವಾಸಿಯಿಂದ ನಿವಾಸಿಗೆ ವಿದೇಶಿ ಕರೆನ್ಸಿಯಲ್ಲಿ ಅಂಥ ಗಿಫ್ಟ್‌ಗೆ ಆರ್‌ಬಿಐ ಅವಕಾಶ ಕೊಟ್ಟಿಲ್ಲ. ಎಷ್ಟೋ ಕುಟುಂಬಗಳ ಲೆಕ್ಕ ತಪ್ಪುವುದು ಈ ಒಂದು ಕಾರಣಕ್ಕೆ.

ಇನ್ನು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ. ಗಿಫ್ಟ್ ಅಥವಾ ಹೂಡಿಕೆಗೆ ಕಳಿಸಿದರೆ ವರ್ಷಕ್ಕೆ ಒಬ್ಬರಿಗೆ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ 20%. ಅಂದರೆ 2 ಕೋಟಿ 10 ಲಕ್ಷ ಕಳಿಸಿದರೆ 40 ಲಕ್ಷ ಟಿಸಿಎಸ್ ಬೇರೆ ಕಟ್ಟಬೇಕು, ಒಂದೊಂದು ಸಲಕ್ಕೂ. ಇದು ತೆರಿಗೆಯ ಮುಂಗಡ, ರಿಟರ್ನ್ ಹಾಕಿದಾಗ ವಾಪಸ್ ಅಥವಾ ಹೊಂದಾಣಿಕೆ ಆಗುತ್ತದೆ. ಆದರೆ ಹಣ ಅಷ್ಟು ಕಾಲ ಸಿಕ್ಕಿಹಾಕಿಕೊಳ್ಳುತ್ತದೆ. ಮಾರ್ಚ್‌ನಲ್ಲಿ ಕಟ್ಟಿದ್ದು ಆ ಬೇಸಿಗೆಯ ರಿಟರ್ನ್‌ನಲ್ಲೇ ಕೇಳಬಹುದು, ಏಪ್ರಿಲ್‌ನಲ್ಲಿ ಕಟ್ಟಿದ್ದಕ್ಕೆ ಮುಂದಿನ ವರ್ಷದವರೆಗೆ ಕಾಯಬೇಕು. ಮುಂಗಡ ತೆರಿಗೆ ಕಟ್ಟುವವರಾದರೆ ಅದರಲ್ಲೇ ಹೊಂದಿಸಿಕೊಳ್ಳಿ. ‘8 ಲಕ್ಷ ಡಾಲರ್ ಇದೆ’ ಎಂದು ಹೊರಟವರು ಟಿಸಿಎಸ್‌ಗೆ ಹಣವಿಲ್ಲದೆ ಅರ್ಧದಲ್ಲಿ ನಿಲ್ಲುತ್ತಾರೆ.

ಬ್ಯಾಂಕಿನಲ್ಲಿ ಎ2 ಫಾರಂ ತುಂಬುವಾಗ ಉದ್ದೇಶದ ಕೋಡ್ ನೀವೇ ನೋಡಿ. ವೈಯಕ್ತಿಕ ಗಿಫ್ಟ್‌ಗೆ ಎಸ್1302. ಕೌಂಟರಿನವರು ರೂಢಿಯಲ್ಲಿ ಎಸ್1301, ಅಂದರೆ ಕುಟುಂಬ ನಿರ್ವಹಣೆ ಎಂದು ಹಾಕಿಬಿಡುವುದುಂಟು. ಟಿಸಿಎಸ್ ಉಳಿಯಲಿ ಎಂದು ಶಿಕ್ಷಣ ಅಂತ ಬರೆಸುವವರೂ ಇದ್ದಾರೆ. ಅದು ಸುಳ್ಳು ಘೋಷಣೆ; ಅದೇ ಕಾಗದ ಮುಂದೆ ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಅಧಿಕಾರಿಯ ಮೇಜಿನ ಮೇಲೆ ಗಿಫ್ಟ್ ಪತ್ರದ ಪಕ್ಕದಲ್ಲೇ ಕೂರುತ್ತದೆ.

ಪ್ರತಿ ರವಾನೆಗೂ ಸ್ವಿಫ್ಟ್ ಎಂಟಿ103 (ಹಣ ಯಾವ ಬ್ಯಾಂಕಿನಿಂದ ಯಾವುದಕ್ಕೆ ಹೋಯಿತು ಎಂಬ ಸಂದೇಶದ) ಪ್ರತಿ ಅದೇ ವಾರ ಕೇಳಿ ಇಟ್ಟುಕೊಳ್ಳಿ. ಮಧ್ಯದ ಬ್ಯಾಂಕು ಶುಲ್ಕ ಹಿಡಿದುಕೊಂಡು ಅಲ್ಲಿಗೆ ಕೆಲವು ಡಾಲರ್ ಕಡಿಮೆ ತಲುಪುತ್ತದೆ. ಎಸ್ಕ್ರೋ ಖಾತೆಗೆ (ಪ್ರಾಜೆಕ್ಟಿಗೆ ಬಿಡುಗಡೆಯಾಗುವವರೆಗೆ ಮೂರನೆಯವರ ಬಳಿ ಹಣ ಇರುವ ಖಾತೆ) 8 ಲಕ್ಷದಲ್ಲಿ 25 ಡಾಲರ್ ಕಡಿಮೆ ಸೇರಿದರೂ ಅದು ಪೂರ್ತಿ ಹೂಡಿಕೆ ಅಲ್ಲ. ಮಗಳ ಬ್ಯಾಂಕಿಗೂ ಮೊದಲೇ ಹೇಳಿಡಿ. ವಿದ್ಯಾರ್ಥಿ ಖಾತೆಗೆ ದಿಢೀರನೆ ಇಷ್ಟು ದೊಡ್ಡ ಮೊತ್ತ ಬಂದರೆ ತಡೆಹಿಡಿದು ವಿಚಾರಿಸುವುದು ಸಾಮಾನ್ಯ.

ತುಂಗಾತೀರ:

ತುಂಬಾ ಉಪಕಾರ. ಹಾಗಾದರೆ ಮನೆ ಮೇಲಿನ ಸಾಲದ ಹಣ ಕಳಿಸಲಿಕ್ಕೆ ಬರುವುದೇ ಇಲ್ಲವೇ? ನನ್ನ ತಮ್ಮನ ಎಲ್‌ಆರ್‌ಎಸ್ ಮಿತಿ ಬಳಸಿಕೊಳ್ಳಬಹುದೇ?

ಜಮಾಖರ್ಚು:

ಅಮೆರಿಕದ ಕಡೆಯಿಂದ ಸಾಲಕ್ಕೆ ಅಡ್ಡಿ ಇಲ್ಲ, ಪ್ರಾಮಾಣಿಕ ಸಾಲವಾಗಿದ್ದು ಅಡ ಇಟ್ಟ ಆಸ್ತಿ ನಿಮ್ಮದೆಂದು, ನ್ಯಾಯವಾಗಿ ಬಂದದ್ದೆಂದು ತೋರಿಸಿದರೆ ಸಾಕು. ತೊಡಕು ನಮ್ಮ ಕಡೆ. ಎಲ್‌ಆರ್‌ಎಸ್ ಅಡಿ ಹೂಡಿಕೆಯಂಥ ಬಂಡವಾಳ ಖಾತೆಯ ರವಾನೆಗೆ ಬ್ಯಾಂಕುಗಳು ಸಾಲ ಕೊಡಬಾರದು ಎಂದು ಆರ್‌ಬಿಐ ನಿರ್ದೇಶನವಿದೆ. ‘ನಾವು ಗಿಫ್ಟ್ ಅಂತ ಕಳಿಸುತ್ತೇವಲ್ಲ’ ಎಂದು ವಾದಿಸಬಹುದು, ಆದರೆ ಇಬಿ-5 ಕಡತದ ಮೊದಲ ಪುಟದಲ್ಲೇ ಅದು ಹೂಡಿಕೆಗೆ ಎಂದು ನೀವೇ ಬರೆದಿರುತ್ತೀರಿ. ಮನೆ ರಿಪೇರಿ ಎಂದು ಸಾಲ ಪಡೆದು ಹೊರಗೆ ಕಳಿಸಿದರೆ ಸಾಲದ ಕರಾರೇ ಮುರಿದಂತೆ. ಸಾಲವನ್ನು ಬಿಟ್ಟು ಎಫ್‌ಡಿ, ಮ್ಯೂಚುವಲ್ ಫಂಡ್, ಚಿನ್ನದ ಬಾಂಡ್ ಏನಿದೆಯೋ ಅದನ್ನು ನಗದು ಮಾಡುವುದೇ ನೇರ ದಾರಿ.

ತಮ್ಮನವರು ಗಿಫ್ಟ್ ಕೊಡಬಹುದು. ಅವರು ಮಗಳಿಗೆ ಚಿಕ್ಕಪ್ಪ, ಆದಾಯ ತೆರಿಗೆ ಕಾನೂನಿನ ‘ಸಂಬಂಧಿ’ ಪಟ್ಟಿಯಲ್ಲಿ ಬರುತ್ತಾರೆ, ಹಾಗಾಗಿ ಗಿಫ್ಟ್‌ಗೆ ಇಲ್ಲಿ ತೆರಿಗೆ ಇಲ್ಲ. ಆದರೆ ಅದು ಅವರ ಸ್ವಂತ ಹಣವಾಗಿರಲಿ. ನೀವು ಅವರ ಖಾತೆಗೆ ರೂಪಾಯಿ ಹಾಕಿ ಅವರ ಮಿತಿಯಲ್ಲಿ ಕಳಿಸಿಸಿದರೆ ಮಿತಿ ತಪ್ಪಿಸಿದಂತೆ ಕಾಣುತ್ತದೆ. ಸ್ವಂತ ಹಣವಾದರೂ ಅವರ ಮೂಲವನ್ನು ನಿಮ್ಮಷ್ಟೇ ವಿವರವಾಗಿ ತೋರಿಸಬೇಕು. ಒಬ್ಬ ದಾನಿ ಹೆಚ್ಚಾದರೆ ಒಂದು ಕಡತ ಹೆಚ್ಚಾದಂತೆ.

ಅಮೆರಿಕದ ತೆರಿಗೆಯ ಒಂದು ಮಾತು: ಮಗಳು ಅಲ್ಲಿ ತೆರಿಗೆ ನಿವಾಸಿ ಆಗಿದ್ದರೆ, ವರ್ಷದಲ್ಲಿ 1 ಲಕ್ಷ ಡಾಲರ್ ಮೀರಿದ ವಿದೇಶಿ ಗಿಫ್ಟ್ ಬಂದದ್ದನ್ನು ಫಾರಂ 3520ರಲ್ಲಿ ತಿಳಿಸಬೇಕು. ನೀವು, ಪತ್ನಿ, ತಮ್ಮ ಎಲ್ಲರದೂ ಕೂಡಿ ಲೆಕ್ಕ. ತೆರಿಗೆ ಏನೂ ಇಲ್ಲ, ತಿಳಿಸದಿದ್ದರೆ ತಿಂಗಳಿಗೆ 5%ರಂತೆ 25%ವರೆಗೆ ದಂಡ. ಎಫ್-1 ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆ ನಿವಾಸಿ ಆಗುವುದಿಲ್ಲ. ಅವಳು ಯಾವ ವರ್ಷ ಹೋದಳು ಎಂದು ಎಣಿಸಿ ನೋಡಿ.

ದಾಖಲೆಪೆಟ್ಟಿಗೆ:

ಮೂಲದ ಕಡತ ಹೇಗಿರಬೇಕು ಎನ್ನುವುದು ನನ್ನ ಪಾಲಿಗೆ ಬಿಡಿ. ಪ್ರಾಜೆಕ್ಟ್ ನೋಡುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಇದು. ಜನ ತಿರುಗಾಮುರುಗಾ ಮಾಡುತ್ತಾರೆ: ಮೊದಲು ಪ್ರಾಜೆಕ್ಟಿಗೆ ಸಹಿ, ಆಮೇಲೆ ಗಡಿಬಿಡಿಯಲ್ಲಿ ದಾಖಲೆ ಹುಡುಕಾಟ.

ಅಧಿಕಾರಿ ಎರಡೇ ಪ್ರಶ್ನೆ ಕೇಳುತ್ತಾರೆ. ಈ ಹಣ ಹುಟ್ಟಿದ್ದು ಎಲ್ಲಿ? ಹುಟ್ಟಿದಲ್ಲಿಂದ ಎಸ್ಕ್ರೋವರೆಗೆ ಯಾವ ಯಾವ ಖಾತೆ ದಾಟಿ ಬಂತು? ಸರಪಳಿಯ ಒಂದು ಕೊಂಡಿ ಕಳೆದರೂ ಹೆಚ್ಚಿನ ದಾಖಲೆ ಕೇಳುವ ನೋಟಿಸ್, ಅಂದರೆ ಆರ್‌ಎಫ್‌ಇ ಬರುತ್ತದೆ. ಉತ್ತರಿಸಲು ಸಾಮಾನ್ಯವಾಗಿ ಕೊಡುವ ಗರಿಷ್ಠ ಅವಧಿ 84 ದಿನ. ಅಷ್ಟರಲ್ಲಿ ಹಳೇ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸುವುದು ಸುಲಭವಲ್ಲ.

ನಿಮ್ಮ ಸೈಟನ್ನೇ ತೆಗೆದುಕೊಳ್ಳಿ. 2019ರ ಕ್ರಯಪತ್ರ ಒಂದೇ ಸಾಲದು. ಆ ಸೈಟನ್ನು ನೀವು ಕೊಂಡದ್ದು ಯಾವಾಗ, ಯಾವ ಹಣದಿಂದ? ಕೊಂಡಾಗಿನ ನೋಂದಾಯಿತ ಪತ್ರ, ಆಗಿನ ಸಂಬಳ ಅಥವಾ ವ್ಯಾಪಾರದ ಆದಾಯದ ಪುರಾವೆ, ಖಾತೆ, ಋಣಭಾರ ಪತ್ರ. ಮಾರಿದಾಗ ಕೊಂಡವರ ಚೆಕ್ ಅಥವಾ ಆರ್‌ಟಿಜಿಎಸ್ ಜಮಾ ಆದ ಪುಟ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಂಡವರು 1% ಟಿಡಿಎಸ್ ಹಿಡಿದಿರಬೇಕು, ಅದರ ಫಾರಂ 16ಬಿ. ಆ ವರ್ಷದ ರಿಟರ್ನ್‌ನಲ್ಲಿ ಬಂಡವಾಳ ಲಾಭ ತೋರಿಸಿರಬೇಕು. ಅಲ್ಲಿಂದ ಎಫ್‌ಡಿ ರಶೀದಿ, ನವೀಕರಣವಾದಾಗಲೆಲ್ಲ ಹೊಸ ಸಂಖ್ಯೆ, ಕೊನೆಗೆ ಮುರಿಸಿದ ಸಲಹಾಪತ್ರ, ಉಳಿತಾಯ ಖಾತೆ, ಎ2, ಎಂಟಿ103, ಮಗಳ ಖಾತೆ, ಎಸ್ಕ್ರೋ. ಇಷ್ಟನ್ನೂ ಒಂದು ಹಾಳೆಯಲ್ಲಿ ಬಾಣ ಹಾಕಿ ಬರೆದು, ಪ್ರತಿ ಬಾಣಕ್ಕೂ ದಿನಾಂಕ, ಮೊತ್ತ, ದಾಖಲೆಯ ಪುಟಸಂಖ್ಯೆ ಕೊಡಿ. ಓದುವವರಿಗೆ ನಮ್ಮ ಬ್ಯಾಂಕು, ನಮ್ಮ ನೋಂದಣಿ ಪದ್ಧತಿ ಯಾವುದೂ ಗೊತ್ತಿರುವುದಿಲ್ಲ ಎಂದು ನೆನಪಿಟ್ಟು ಬರೆಯಿರಿ.

ಎಡವುವ ಜಾಗಗಳು ಇವು. ಮೊದಲನೆಯದು ಕ್ಯಾಶ್. ಕ್ರಯಪತ್ರದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನಷ್ಟು ಎಂದಾಗಿದ್ದರೆ ಆ ಕ್ಯಾಶ್ ಭಾಗ ಇಬಿ-5ಗೆ ಇಲ್ಲವೇ ಇಲ್ಲ. ಮುಂದೆ ಜಮೀನು ಮಾರುವಾಗ ಪೂರ್ತಿ ಬೆಲೆ ಪತ್ರದಲ್ಲಿ, ಪೂರ್ತಿ ಹಣ ಬ್ಯಾಂಕಿನಲ್ಲಿ ಎಂದು ಮಾತುಕತೆಯ ಮೊದಲ ದಿನವೇ ಹೇಳಿ. ಎರಡನೆಯದು, ವಿಲೀನವಾದ ಬ್ಯಾಂಕುಗಳು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ ಸೇರಿತು, ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರ ಏಪ್ರಿಲ್‌ನಲ್ಲಿ ಕೆನರಾ ಮತ್ತು ಯೂನಿಯನ್ ಬ್ಯಾಂಕಿಗೆ. ಖಾತೆ ಸಂಖ್ಯೆ ಬದಲಾಗಿದ್ದರೆ ಹಳೆಯದೂ ಹೊಸದೂ ಒಂದೇ ಖಾತೆ ಎಂದು ಶಾಖೆಯಿಂದ ಪತ್ರ ಪಡೆಯಿರಿ. ಇಲ್ಲದಿದ್ದರೆ ಅಧಿಕಾರಿಗೆ ಹಣ ಒಂದು ಬ್ಯಾಂಕಿನಲ್ಲಿ ಮಾಯವಾಗಿ ಇನ್ನೊಂದರಲ್ಲಿ ಪ್ರತ್ಯಕ್ಷವಾದಂತೆ ಕಾಣುತ್ತದೆ. ಮೂರನೆಯದು ಹೆಸರು: ಪಹಣಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು, ಪಾನ್‌ನಲ್ಲಿ ಇನಿಷಿಯಲ್ ಹಿಂದುಮುಂದು. ಎಲ್ಲ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಿ.

ಪಿತ್ರಾರ್ಜಿತ ಜಮೀನಿಗೆ ವಂಶವೃಕ್ಷ, ವಿಭಾಗ ಪತ್ರ, ಮ್ಯುಟೇಶನ್, ಹಲವು ವರ್ಷಗಳ ಪಹಣಿ. ಅಣ್ಣತಮ್ಮಂದಿರು, ಅಕ್ಕತಂಗಿಯರ ಪಾಲು ಇತ್ಯರ್ಥವಾಗದೆ ಮಾರಿದ ಹಣವನ್ನು ‘ನನ್ನದು’ ಎಂದು ಗಿಫ್ಟ್ ಕೊಡಲಿಕ್ಕೆ ಬರುವುದಿಲ್ಲ. ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ, ಲಾಭಕ್ಕೆ ತೆರಿಗೆ ಇಲ್ಲ. ಆದರೆ ಅದು ಪಟ್ಟಣದ ಗಡಿಯಿಂದ ಜನಸಂಖ್ಯೆಗೆ ತಕ್ಕಂತೆ 2, 6 ಅಥವಾ 8 ಕಿಲೋಮೀಟರ್ ಆಚೆ ಇರಬೇಕು. ಅದಕ್ಕೆ ಪುರಾವೆ ಇಟ್ಟುಕೊಳ್ಳಿ, ರಿಟರ್ನ್‌ನಲ್ಲೂ ವಿನಾಯಿತಿ ಆದಾಯ ಎಂದು ತೋರಿಸಿ. ತೆರಿಗೆಯೇ ಕಟ್ಟದ ಕೋಟಿಗಟ್ಟಲೆ ಜಮಾ ನೋಡಿದ ಅಧಿಕಾರಿಗೆ ಕಾರಣ ಕಾಗದದಲ್ಲೇ ಸಿಗಬೇಕು.

ರಿಟರ್ನ್‌ಗಳು 7 ವರ್ಷದವು, ಮಗಳದ್ದಷ್ಟೇ ಅಲ್ಲ, ಗಿಫ್ಟ್ ಕೊಡುವ ನಿಮ್ಮಿಬ್ಬರದೂ ಇಡಿ. ಗಿಫ್ಟ್ ಪತ್ರದಲ್ಲಿ ಮೊತ್ತ, ದಿನಾಂಕ, ಸಂಬಂಧ, ಹಿಂದಿರುಗಿಸುವ ಕರಾರಿಲ್ಲ ಎಂಬುದು ಸ್ಪಷ್ಟ ಇರಲಿ. ಇದು ಬರೀ ಬರಹವಲ್ಲ: ಪ್ರಾಜೆಕ್ಟ್ ಹಣ ವಾಪಸ್ ಬಂದಾಗ ಅದು ಮಗಳದೇ. ಒಳಗೊಳಗೇ ‘ನಮಗೇ ಕೊಡಬೇಕು’ ಎಂಬ ಒಪ್ಪಂದ ಇದ್ದರೆ ಅದು ಗಿಫ್ಟ್ ಅಲ್ಲ, ಸಾಲ.

ಹೆದ್ದಾರಿ66:

ಇಷ್ಟೆಲ್ಲ ಕಷ್ಟ ಯಾಕೆ ಸರ್, ಇ-2 ವೀಸಾ ನೋಡಬಹುದಲ್ಲ? ಹೂಡಿಕೆ ತುಂಬಾ ಕಡಿಮೆ.

ವಲಸೆಕಡತ:

ಇ-2 ಒಪ್ಪಂದದ ದೇಶಗಳ ಪ್ರಜೆಗಳಿಗೆ ಮಾತ್ರ, ಭಾರತ ಆ ಪಟ್ಟಿಯಲ್ಲಿ ಇಲ್ಲ. ಗ್ರೆನಡಾದಂಥ ದೇಶದ ಪೌರತ್ವ ಹಣ ಕೊಟ್ಟು ಪಡೆದು ಬರುವ ದಾರಿಗೂ 2022ರ ಡಿಸೆಂಬರ್‌ನಿಂದ ಬೇಲಿ ಬಿದ್ದಿದೆ: ಹಾಗೆ ಪೌರತ್ವ ಪಡೆದವರು ಆ ದೇಶದಲ್ಲಿ ಸತತ 3 ವರ್ಷ ನೆಲೆಸಿರಬೇಕು. ಮೇಲಾಗಿ ಇ-2ರಿಂದ ಗ್ರೀನ್ ಕಾರ್ಡ್ ಬರುವುದಿಲ್ಲ.

ಇನ್ನು ಸ್ವಂತ ಬಿಸಿನೆಸ್. ಮಾಡಬಹುದು, ಫಾರಂ ಐ-526. ಮೊತ್ತ 10.5 ಲಕ್ಷ ಡಾಲರ್, ಗ್ರಾಮೀಣ ಅಥವಾ ಹೆಚ್ಚು ನಿರುದ್ಯೋಗದ ಪ್ರದೇಶವಾದರೆ 8 ಲಕ್ಷ. ಆದರೆ 10 ಪೂರ್ಣಾವಧಿ ಉದ್ಯೋಗ ನೇರವಾಗಿ ನಿಮ್ಮ ಸಂಬಳದ ಪಟ್ಟಿಯಲ್ಲೇ ತೋರಿಸಬೇಕು. ವಾರಕ್ಕೆ ಕನಿಷ್ಠ 35 ಗಂಟೆ. ಅಮೆರಿಕನ್ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಲೆಕ್ಕಕ್ಕೆ. ಎಚ್-1ಬಿಯವರು, ಮನೆಯವರು ಲೆಕ್ಕಕ್ಕಿಲ್ಲ. 1998ರ ‘ಮ್ಯಾಟರ್ ಆಫ್ ಹೋ’ ತೀರ್ಪು ಬಿಸಿನೆಸ್ ಪ್ಲಾನ್‌ನಲ್ಲಿ ಏನಿರಬೇಕೆಂದು ಹೇಳಿದೆ: ಸ್ಪರ್ಧಿಗಳ ಹೆಸರು, ಅವರ ಬೆಲೆ, ಪರವಾನಗಿಗಳು, ಪೂರೈಕೆಯ ಕರಾರುಗಳು, ಯಾವ ಹುದ್ದೆಗೆ ಯಾವಾಗ ನೇಮಕ, ಪ್ರತಿ ಹುದ್ದೆಯ ಕೆಲಸ, ಆದಾಯದ ಅಂದಾಜು ಮತ್ತು ಆ ಅಂದಾಜಿನ ಆಧಾರ. ಎಲ್ಲಕ್ಕಿಂತ ಮುಖ್ಯ, ನಂಬುವಂತಿರಬೇಕು. ಓದುತ್ತಿರುವ ಹುಡುಗಿ 10 ಜನರ ವ್ಯಾಪಾರ ನಡೆಸುತ್ತಾಳೆ ಎನ್ನುವುದು ಆ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ರೀಜನಲ್ ಸೆಂಟರ್ ದಾರಿಯಲ್ಲಿ, ಅಂದರೆ ಏಜೆಂಟರು ತೋರಿಸಿದಂತೆ ಹಲವರ ಹಣ ಸೇರಿಸುವ ಮಾನ್ಯತೆ ಪಡೆದ ಸಂಸ್ಥೆಯ ಪ್ರಾಜೆಕ್ಟಿನಲ್ಲಿ, ಅಗತ್ಯದ 90%ವರೆಗೆ ಪರೋಕ್ಷ ಉದ್ಯೋಗಗಳೂ ಎಣಿಕೆಗೆ ಬರುತ್ತವೆ, ದಿನನಿತ್ಯದ ಆಡಳಿತವೂ ಬೇಕಿಲ್ಲ.

ಏಜೆಂಟರು ತೋರಿಸಿದ ಪ್ರಾಜೆಕ್ಟಿಗೆ ಕೇಳಬೇಕಾದವು: ಐ-956ಎಫ್ (ಪ್ರಾಜೆಕ್ಟಿನ ಮಂಜೂರಾತಿಗೆ ಹಾಕುವ ಅರ್ಜಿ) ಸಲ್ಲಿಸಿದ್ದಾರೆಯೇ, ಮಂಜೂರಾಗಿದೆಯೇ (ಸಲ್ಲಿಸಿರದಿದ್ದರೆ ನಿಮ್ಮ ಐ-526ಇ ಹಾಕುವಂತೆಯೇ ಇಲ್ಲ). ಬ್ಯಾಂಕ್ ಸಾಲ ಎಷ್ಟು, ಮಾಲೀಕರ ಸ್ವಂತ ಹಣ ಎಷ್ಟು, ಮುಳುಗಿದರೆ ಇಬಿ-5 ಹಣಕ್ಕೆ ಎಷ್ಟನೇ ಸರದಿ. ಒಬ್ಬರಿಗೆ 10ರಂತೆ 40 ಹೂಡಿಕೆದಾರರಿದ್ದರೆ 400 ಉದ್ಯೋಗ ಬೇಕು. ಅರ್ಥಶಾಸ್ತ್ರಜ್ಞರ ವರದಿ 410 ಎಂದರೆ ತೀರಾ ಬಿಗಿ, 520 ಎಂದರೆ ಉಸಿರಾಡಲು ಜಾಗವಿದೆ. ‘ಹಣ ವಾಪಸ್ ಗ್ಯಾರಂಟಿ’ ಎಂದು ಬರೆದುಕೊಟ್ಟರೆ ಓಡಿ: ಹೂಡಿಕೆ ನಷ್ಟದ ಅಪಾಯಕ್ಕೆ ಒಡ್ಡಿಕೊಂಡಿರಬೇಕು ಎನ್ನುವುದು ಇಬಿ-5ರ ಬುನಾದಿ, ಗ್ಯಾರಂಟಿ ಇದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ. ಏಜೆಂಟರು ಫಾರಂ ಐ-956ಕೆ ಅಡಿ ನೋಂದಾಯಿಸಿರಬೇಕು, ಅವರ ಕಮಿಷನ್ ಎಷ್ಟೆಂದು ನಿಮಗೆ ಲಿಖಿತವಾಗಿ ತಿಳಿಸಿರಬೇಕು. ಕೇಳಿದಾಗ ಮಾತು ಹಾರಿಸಿದರೆ ಅಲ್ಲಿಗೆ ನಿಲ್ಲಿಸಿ. ವರ್ಮಾಂಟ್‌ನ ಜೇ ಪೀಕ್ ಪ್ರಕರಣದಲ್ಲಿ 2016ರಲ್ಲಿ ಎಸ್‌ಇಸಿ (ಅಮೆರಿಕದ ಷೇರುಪೇಟೆ ನಿಯಂತ್ರಕ) ಹೂಡಿದ ಮೊಕದ್ದಮೆ 20 ಕೋಟಿ ಡಾಲರಿಗೂ ಮೀರಿದ ದುರುಪಯೋಗದ್ದು. ಹೂಡಿಕೆದಾರರ ದಾಖಲೆಯಲ್ಲಿ ತಪ್ಪಿರಲಿಲ್ಲ, ಹಣ ಬೇರೆ ಕಡೆ ಹರಿದಿತ್ತು. ಅದಕ್ಕೇ ಈಗ ಸ್ವತಂತ್ರ ಫಂಡ್ ಆಡಳಿತಗಾರ ಅಥವಾ ವಾರ್ಷಿಕ ಆಡಿಟ್ ಕಡ್ಡಾಯ. ಎರಡರಲ್ಲಿ ಯಾವುದು ಎಂದು ಕೇಳಿ.

ವಿದ್ಯಾರ್ಥಿಗಳಿಗೆ ಕೊನೆ ಗಳಿಗೆಯಲ್ಲಿ ಎದುರಾಗುವ ಒಂದು ತೊಡಕು ಇದೆ. ಅನೇಕ ಪ್ರಾಜೆಕ್ಟುಗಳು ಅಮೆರಿಕದೊಳಗಿನ ಹೂಡಿಕೆದಾರರಿಗೆ ‘ಅಕ್ರೆಡಿಟೆಡ್’ ಆಗಿರಬೇಕೆಂದು ಷರತ್ತು ಇಡುತ್ತವೆ: 10 ಲಕ್ಷ ಡಾಲರ್ ಮೀರಿದ ನಿವ್ವಳ ಆಸ್ತಿ ಅಥವಾ ವರ್ಷಕ್ಕೆ 2 ಲಕ್ಷ ಮೀರಿದ ಆದಾಯ. ವಿದೇಶದಲ್ಲಿದ್ದು ಕೊಳ್ಳುವವರಿಗೆ ಬೇರೆ ನಿಯಮ, ಆದರೆ ನಿಮ್ಮ ಮಗಳು ಇರುವುದು ಅಮೆರಿಕದೊಳಗೆ. ಅವಳನ್ನು ಸೇರಿಸಿಕೊಳ್ಳುತ್ತಾರೆಯೇ ಎಂದು ಹಣ ಕಳಿಸುವ ಮೊದಲೇ ಲಿಖಿತವಾಗಿ ಕೇಳಿ.

ದಿನಾಂಕಗಳು: 2026ರ ಸೆಪ್ಟೆಂಬರ್ 30ರೊಳಗೆ ಸಲ್ಲಿಸಿದ ರೀಜನಲ್ ಸೆಂಟರ್ ಅರ್ಜಿಗಳಿಗೆ ಯೋಜನೆ ಮುಂದೆ ನವೀಕರಣವಾಗದಿದ್ದರೂ ರಕ್ಷಣೆ ಇದೆ. 2027ರ ಜನವರಿ 1ರಿಂದ ಹೂಡಿಕೆಯ ಮೊತ್ತ ಹಣದುಬ್ಬರಕ್ಕೆ ತಕ್ಕಂತೆ ಬದಲಾಗುತ್ತದೆ. ಅರ್ಜಿ ಶುಲ್ಕ ಬದಲಾಗುತ್ತಿರುತ್ತದೆ, ಕಳಿಸುವ ದಿನದ ಯುಎಸ್‌ಸಿಐಎಸ್ ದರ ನೋಡಿ. ಜೊತೆಗೆ 1,000 ಡಾಲರ್ ಇಂಟೆಗ್ರಿಟಿ ಫಂಡ್ ಶುಲ್ಕ ಪ್ರತ್ಯೇಕ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆ. ಸಾಲದ ಯೋಚನೆ ಬಿಟ್ಟೆವು. ಕೊನೆಯದಾಗಿ, ವಿಭಾಗ ಪತ್ರ, ಪಹಣಿ ಎಲ್ಲ ಕನ್ನಡದಲ್ಲಿವೆ, ಕೆಲವು ಕೈಬರಹದವು. ಇಂಗ್ಲಿಷಿಗೆ ಸರ್ಕಾರಿ ಅನುವಾದಕರೇ ಆಗಬೇಕೇ?

ದಾಖಲೆಪೆಟ್ಟಿಗೆ:

ಬೇಕಿಲ್ಲ. ಎರಡೂ ಭಾಷೆ ಚೆನ್ನಾಗಿ ಬಲ್ಲ ಯಾರಾದರೂ ಆಗಬಹುದು. ಅನುವಾದ ಪೂರ್ಣವಾಗಿದೆ, ನಿಖರವಾಗಿದೆ, ಅನುವಾದಿಸಲು ತಾನು ಸಮರ್ಥ ಎಂದು ಅವರು ಸಹಿ ಹಾಕಿ ದೃಢೀಕರಿಸಬೇಕು. ಮನೆಯವರು ಮಾಡದಿರುವುದು ಒಳ್ಳೆಯದು. ಸಾರಾಂಶ ಸಾಲದು: ಮುದ್ರೆ, ಅಂಚಿನ ಟಿಪ್ಪಣಿ, ಹೊಡೆದುಹಾಕಿದ ಸಾಲು ಎಲ್ಲವೂ ಬರಬೇಕು, ಓದಲಾಗದ ಕಡೆ ‘ಅಸ್ಪಷ್ಟ’ ಎಂದು ಬರೆಯಬೇಕು. ಎಕರೆ-ಗುಂಟೆಯನ್ನು ಹಾಗೇ ಇಟ್ಟು 40 ಗುಂಟೆಗೆ 1 ಎಕರೆ ಎಂದು ಅಡಿಟಿಪ್ಪಣಿ ಕೊಡಿಸಿ. ಹಳೇ ಕೈಬರಹಕ್ಕೆ ದಸ್ತಾವೇಜು ಬರಹಗಾರರ ಸಹಾಯದಿಂದ ಮೊದಲು ಅಚ್ಚಿನ ಕನ್ನಡ ಪ್ರತಿ ಮಾಡಿಸಿ, ಅದರಿಂದ ಅನುವಾದ ಮಾಡಿಸಿದರೆ ಸರ್ವೆ ನಂಬರ್, ಹೆಸರುಗಳ ತಪ್ಪು ಅಲ್ಲೇ ಸಿಕ್ಕಿಬೀಳುತ್ತವೆ.